ನಾಲ್ಕು ಬದಿ ಬೇಲಿ, ನಾಲ್ಕು ಥರ ಪಾಚಿ

ನಮ್ಮದು ಮೂಡಿಗೆರೆ ತಾಲ್ಲೂಕು. ಮನೆ ಸುತ್ತ ಒಂದೇ ಥರದ ಬೇಲಿ ಇಲ್ಲ, ಕೈಯಲ್ಲಿ ದುಡ್ಡು ಓಡಾಡಿದಾಗ ಒಂದೊಂದು ಬದಿ ಮಾಡಿಸಿದ್ದು. ಮುಂದೆ ಸಿಮೆಂಟ್ ಬ್ಲಾಕಿನ ಕಾಂಪೌಂಡ್, ಅದಕ್ಕೆ ಕಬ್ಬಿಣದ ಗೇಟ್. ಎಡಕ್ಕೆ ಮಾವನವರ ಕಾಲದ ಕಾಡುಗಲ್ಲಿನ ಗೋಡೆ. ಬಲಕ್ಕೆ ಚೈನ್‌ಲಿಂಕ್ ಮೆಶ್. ಹಿಂದೆ ತೋಟಕ್ಕೆ ಇಳಿಯುವ ಕಡೆ ಸಿಲ್ವರ್ ಓಕ್ ಹಲಗೆಯ ಬೇಲಿ, ನಡುವೆ ಒಂದು ಉಣಗೋಲು, ಅಂದರೆ ಅಡ್ಡ ಗಳು ಸರಿಸಿ ದಾಟುವ ದಾರಿ. ಆರಿದ್ರಾ ಮಳೆ ಹಿಡಿದರೆ ಇಷ್ಟಕ್ಕೂ ಹಸಿರು ಬಣ್ಣ ಪುಕ್ಕಟೆ. ಅಕ್ಟೋಬರ್ ಹೊತ್ತಿಗೆ ಅದೇ ಹಸಿರು ಕಪ್ಪಾಗುತ್ತದೆ.

ಎರಡು ವರ್ಷದ ಹಿಂದೆ ನಾನು ಜಾಣತನ ಮಾಡಲು ಹೋಗಿ ಪ್ರೆಶರ್ ವಾಷರ್ ಬಾಡಿಗೆಗೆ ತಂದೆ. ಒಂದೇ ದಿನ, ನಾಲ್ಕೂ ಬದಿ ಮುಗಿಸಿಬಿಡೋಣ ಅಂತ. ನೋಡಲು ಬಹಳ ಖುಷಿ ಆಯಿತು, ಸುಳ್ಳು ಹೇಳುವುದಿಲ್ಲ. ನೀರು ಹಾದಲ್ಲೆಲ್ಲ ಬೆಳ್ಳಗೆ ದಾರಿ. ಮಾರನೇ ದಿನ ಒಣಗಿದ ಮೇಲೆ ನೋಡಿದರೆ ಹಲಗೆಯ ಮೆದು ಭಾಗ ಎದ್ದು ಬಂದು ಮೈಯೆಲ್ಲ ನಾರು ನಾರು. ಕಾಂಪೌಂಡಿನ ಪೇಂಟ್ ಹಪ್ಪಳದ ಹಾಗೆ ಬಿಟ್ಟುಕೊಂಡಿತ್ತು. ಮುಂದಿನ ಮಳೆಗಾಲಕ್ಕೆ ಆ ನಾರಿನ ಸಂದಿಯಲ್ಲಿ ನೀರು ಕೂತು, ಹಲಗೆ ಮೊದಲಿಗಿಂತ ಜಾಸ್ತಿ ಕಪ್ಪಾಯಿತು. ಆಮೇಲೆ ಆ ಮೆಷಿನ್ನನ್ನು ಅಂಗಳದ ಕಲ್ಲು ಚಪ್ಪಡಿಗೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಿಲ್ಲ.

ಈಗ ದೀಪಾವಳಿಗೆ ಮುಂಚೆ, ಮಳೆ ಬಿಟ್ಟು ಸ್ವಲ್ಪ ಬಿಸಿಲು ಬಂದ ಮೇಲೆ ಶುರು ಮಾಡುತ್ತೇನೆ. ತಡ ಮಾಡಿದರೆ ಅರೇಬಿಕಾ ಹಣ್ಣಾಗಿ ಕೊಯ್ಲು ಶುರುವಾಗುತ್ತದೆ. ಆಗ ಒಂದು ಆಳೂ ಸಿಗುವುದಿಲ್ಲ, ನನಗೂ ಪುರುಸೊತ್ತಿಲ್ಲ.

ಕಾಂಪೌಂಡಿನ ಕೆಲಸವೇ ದೊಡ್ಡದು. ಅದರ ಹೊರಮೈ ಉತ್ತರಕ್ಕೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಸೂರ್ಯ ದಕ್ಷಿಣದಲ್ಲೇ ಇರುವುದರಿಂದ ಆ ಮೈಗೆ ಬಿಸಿಲೇ ಇಲ್ಲ. ಬಿಸಿಲು ಬೀಳಬೇಕಾದ ಜೂನ್, ಜುಲೈಯಲ್ಲಿ ಮಳೆ. ಅಂದರೆ ವರ್ಷದಲ್ಲಿ ಏಪ್ರಿಲ್, ಮೇ ಬಿಟ್ಟರೆ ಅದು ಸರಿಯಾಗಿ ಒಣಗುವುದೇ ಇಲ್ಲ! ಒಳಮೈ ಒಂದು ಸಲ ತಿಕ್ಕಿದರೆ ಸಾಕು, ಹೊರಮೈಗೆ ಎರಡು ಸಲ ಬೇಕು ಯಾಕೆ ಅನ್ನುವುದು ನನಗೆ ಅರ್ಥವಾಗಿದ್ದೇ ಇದನ್ನು ಗಮನಿಸಿದ ಮೇಲೆ.

ಬ್ಲೀಚಿಂಗ್ ಪೌಡರ್ ಬಳಸುತ್ತೇನೆ. 10 ಲೀಟರ್ ಬಕೆಟಿಗೆ 100 ಗ್ರಾಂ. ಕದಡಿ ಬಿಟ್ಟರೆ ಗಷ್ಟು ಕೆಳಗೆ ಕೂರುತ್ತದೆ, ಮೇಲಿನ ತಿಳಿ ಮಾತ್ರ ತೆಗೆದುಕೊಳ್ಳಬೇಕು. ಮೊದಲು ಗೋಡೆಗೆ ಬರೀ ನೀರು ಹಾಕಿ ನೆನೆಸುವುದು. ಇಲ್ಲದಿದ್ದರೆ ಒಣ ಗಾರೆ ಬ್ಲೀಚಿಂಗ್ ನೀರನ್ನೆಲ್ಲ ಒಳಗೆ ಕುಡಿದುಬಿಡುತ್ತದೆ. ಹಳೇ ಪೊರಕೆಯಲ್ಲಿ ಬಳಿದು ಹದಿನೈದು ನಿಮಿಷ ಬಿಟ್ಟರೆ ಹಸಿರು ಮಾಸಿ ಕಂದಾಗುತ್ತದೆ. ಆಮೇಲೆ ನಾರಿನ ಬ್ರಷ್‌ನಲ್ಲಿ ತಿಕ್ಕಿ ತೊಳೆಯುವುದು. ಹತ್ತಿರದ ಗಿಡಗಳಿಗೆ ಮೊದಲೇ ನೀರು ಹುಯ್ದು ಪ್ಲಾಸ್ಟಿಕ್ ಹೊದಿಸುತ್ತೇನೆ. ಒಮ್ಮೆ ಮರೆತು ಮೆಣಸಿನ ಬಳ್ಳಿಯ ಎಲೆ ಸುಟ್ಟುಕೊಂಡಿದ್ದೆ. ತೊಳೆದ ನೀರು ಹಳ್ಳಕ್ಕೆ ಹೋಗಬಾರದು, ಮೀನು ಸಾಯುತ್ತವೆ.

ಇನ್ನೊಂದು ಮಾತು, ಇದು ಜೀವದ ವಿಷಯ. ಟಾಯ್ಲೆಟ್ ತೊಳೆಯುವ ಆಸಿಡ್ ಇದ್ದ ಬಕೆಟನ್ನು ಸರಿಯಾಗಿ ತೊಳೆಯದೆ ಅದಕ್ಕೇ ಬ್ಲೀಚಿಂಗ್ ಪೌಡರ್ ಹಾಕಿದ್ದೆ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಗಂಟಲು ಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತಾ ಅಂಗಳದ ತುದಿಗೆ ಓಡಿದೆ. ಬಯಲಲ್ಲಿದ್ದೆ, ಬಚಾವಾದೆ. ಈಗ ಬ್ಲೀಚಿಂಗಿಗೆ ಅಂತಲೇ ಒಂದು ಕೆಂಪು ಬಕೆಟ್ ಇಟ್ಟಿದ್ದೇನೆ.

ಇಷ್ಟು ಮಾಡಿದರೂ ಪಾಚಿ ಪ್ರತಿ ವರ್ಷ ಅದೇ ಜಾಗಕ್ಕೆ ಬರುತ್ತಿತ್ತು. ಒಂದು ದಿನ ಜೋರು ಮಳೆಯಲ್ಲಿ ಕೊಡೆ ಹಿಡಿದು ನಿಂತು ನೋಡಿದೆ. ಗೋಡೆಯ ತಲೆ ಸಪಾಟು. ಅಲ್ಲಿ ನಿಂತ ನೀರು ಎರಡೂ ಮೈ ಮೇಲೆ ಇಳಿಯುತ್ತಿತ್ತು. ಬುಡದಲ್ಲಿ ಸೂರಿನ ನೀರು ಬಿದ್ದು ಕೆಸರು ಒಂದಡಿ ಮೇಲಕ್ಕೆ ಹಾರುತ್ತಿತ್ತು. ಮೇಸ್ತ್ರಿಗೆ ಹೇಳಿ ತಲೆಗೆ ಇಳಿಜಾರು ಗಾರೆ ಮಾಡಿಸಿದೆ. ಅಂಚು ಗೋಡೆಗಿಂತ ಎರಡು ಇಂಚು ಮುಂದೆ, ಅದರ ಅಡಿಯಲ್ಲಿ ಒಂದು ಗೀರು. ನೀರು ಆ ಗೀರಿಗೆ ಬಂದು ಅಲ್ಲೇ ತೊಟ್ಟಿಕ್ಕುತ್ತದೆ, ಗೋಡೆಗೆ ಹೋಗುವುದಿಲ್ಲ. ಬುಡಕ್ಕೆ ಒಂದಡಿ ಅಗಲ ಜಲ್ಲಿ ಹರಡಿದೆ. ಮೂರು ವರ್ಷ ತಿಕ್ಕಿದ್ದಕ್ಕಿಂತ ಈ ಎರಡು ದಿನದ ಕೆಲಸದಿಂದ ಜಾಸ್ತಿ ಗುಣ ಕಂಡಿದೆ. ಪೇಂಟ್ ಹೊಡೆಯುವ ಮುಂಚೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಬೆವರು ಕಂಡರೆ ಗೋಡೆ ಇನ್ನೂ ಹಸಿ. ಪೇಂಟ್ ಡಬ್ಬಿ ಮುಚ್ಚಿಡಿ.

ಗೇಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ತಂತಿ ಬ್ರಷ್, ಎಮರಿ ಪೇಪರ್, ಒಣ ಬಟ್ಟೆ, ಅದೇ ದಿನ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ. ಈ ಹವೆಯಲ್ಲಿ ಉಜ್ಜಿದ ಕಬ್ಬಿಣವನ್ನು ರಾತ್ರಿ ಹಾಗೇ ಬಿಟ್ಟರೆ ಬೆಳಗಾಗುವುದರಲ್ಲಿ ಮತ್ತೆ ಕೆಂಪು. ನಮ್ಮ ಗೇಟಿನ ಕೆಳಗಿನ ಪೈಪ್ ಒಳಗಿನಿಂದಲೇ ತುಕ್ಕು ಹಿಡಿದಿತ್ತು, ನೀರು ಒಳಗೆ ಹೋಗಿ ಹೊರಗೆ ಬರಲು ದಾರಿ ಇರಲಿಲ್ಲ. ವೆಲ್ಡರ್ ಹತ್ತಿರ ಪೈಪ್ ಬದಲಾಯಿಸಿ ಅಡಿಗೆ ಎರಡು ತೂತು ಹಾಕಿಸಿದೆ.

ಮೆಶ್‌ಗೂ ಮೊದಲು ಬ್ಲೀಚಿಂಗ್ ನೀರನ್ನೇ ಹುಯ್ದಿದ್ದೆ, ತಪ್ಪು. ತಂತಿಯ ಮೇಲಿರುವುದು ಸತುವಿನ ಲೇಪ. ಬ್ಲೀಚಿಂಗ್ ಅದನ್ನು ತಿನ್ನುತ್ತದೆ. ಅಲ್ಲಲ್ಲಿ ಬಿಳಿ ಪುಡಿ ಎದ್ದು, ಆಮೇಲೆ ಅದೇ ಜಾಗದಲ್ಲಿ ತುಕ್ಕು ಬಂತು. ಆಸಿಡ್ಡೂ ಆಗದು, ಸುಣ್ಣವೂ ಆಗದು. ಬರೀ ಸೋಪಿನ ನೀರು, ಮೆದು ಬ್ರಷ್ ಸಾಕು. ನಿಜ ಹೇಳಬೇಕೆಂದರೆ ಮೆಶ್‌ಗೆ ಪಾಚಿ ಹಿಡಿಯುವುದೇ ಇಲ್ಲ, ಅದಕ್ಕೆ ಹಬ್ಬಿದ ಬಳ್ಳಿಗೆ ಹಿಡಿಯುವುದು. ಬಳ್ಳಿ ಕೊಯ್ದು ಗಾಳಿ ಆಡುವ ಹಾಗೆ ಮಾಡಿದರೆ ಮುಗಿಯಿತು.

ಹಲಗೆ ಬೇಲಿ ನನಗೆ ಇಷ್ಟದ ಕೆಲಸ. ಅಂಟುವಾಳದಕಾಯಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ, ಆ ನೊರೆಯಲ್ಲಿ ತಿಕ್ಕುತ್ತೇನೆ. ಯಾವಾಗಲೂ ಮರದ ಎಳೆ ಹೋದ ದಿಕ್ಕಿಗೇ. ಅಡ್ಡಡ್ಡ ತಿಕ್ಕಿದರೆ ಮತ್ತೆ ನಾರು ಏಳುತ್ತದೆ. ಮೊಳೆಯ ಸುತ್ತ ಇರುವ ಕಪ್ಪು ಪಾಚಿಯಲ್ಲ, ಕಬ್ಬಿಣಕ್ಕೂ ಮರದ ಒಗರಿಗೂ ಆಗಿಬರದ ಕಲೆ. ಎಷ್ಟು ತಿಕ್ಕಿದರೂ ಹೋಗದು, ನಾನು ಬಿಟ್ಟಿದ್ದೇನೆ. ನಾಲ್ಕು ದಿನ ಬಿಸಿಲಿಗೆ ಒಣಗಿದ ಮೇಲೆ ಗೇರೆಣ್ಣೆ. ಚಾರ್ಮಾಡಿ ಇಳಿದು ಹೋಗುವವರಿದ್ದರೆ ಘಟ್ಟದ ಕೆಳಗಿಂದ ತರಿಸುತ್ತೇನೆ. ಕೈಗೆ ಗ್ಲೌಸ್ ಬೇಕೇ ಬೇಕು. ಅಡುಗೆಗೆ ಬಳಸುವ ಎಣ್ಣೆ ಅಂದುಕೊಳ್ಳಬೇಡಿ, ಇದು ಗೇರುಬೀಜದ ಸಿಪ್ಪೆಯ ಎಣ್ಣೆ, ಮುಟ್ಟಿದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ಹಲಗೆಯ ಕೆಳತುದಿಗೆ ಎರಡು ಸಲ ಕುಡಿಸಬೇಕು, ಮರ ನೀರು ಎಳೆಯುವುದೇ ಅಲ್ಲಿಂದ. ಮಣ್ಣಿಗೆ ತಾಗುತ್ತಿದ್ದ ಹಲಗೆಗಳನ್ನು ನಾಲ್ಕು ಬೆರಳು ಮೇಲಕ್ಕೆ ಕೊಯ್ಸಿದ್ದೂ ಒಳ್ಳೆಯದಾಯಿತು. ಕೋಳಿಗಳು ನುಸುಳುತ್ತವೆ ಅನ್ನುವುದೊಂದು ತಕರಾರು.

ಕಲ್ಲಿನ ಗೋಡೆ ಉಳಿಯಿತು. ಮೊದಲ ವರ್ಷ ಅದಕ್ಕೂ ಬ್ರಷ್ ಹಿಡಿದು ಹೋಗಿದ್ದೆ. ಅತ್ತೆ ಜಗುಲಿಯಿಂದಲೇ ಕೂಗಿದರು: "ಅದನ್ಯಾಕೆ ಕೆರೀತೀಯಾ ಮಾರಾಯ್ತಿ? ಆ ಗೋಡೆ ನನಗಿಂತ ದೊಡ್ಡದು ಕಣೇ!" ಅವರು ಹೇಳಿದ್ದು ಸರಿ. ಕಲ್ಲುಹೂವು, ಪಾಚಿ, ಸಣ್ಣ ಜರಿಗಿಡ, ಯಾವುದೂ ಆ ಕಲ್ಲಿಗೆ ತೊಂದರೆ ಮಾಡಿಲ್ಲ. ಸಂದಿಯಲ್ಲಿ ಅರಳಿ, ಬಸರಿ ಸಸಿ ಎದ್ದರೆ ಮಾತ್ರ ಬಿಡುವುದಿಲ್ಲ, ಬೆರಳು ಗಾತ್ರ ಆಗುವ ಮುಂಚೆ ಬೇರು ಸಮೇತ ಕೀಳುತ್ತೇನೆ. ದೊಡ್ಡದಾದರೆ ಕಲ್ಲನ್ನೇ ಸೀಳುತ್ತವೆ. ಕೈ ಹಾಕುವ ಮೊದಲು ಕೋಲಿನಲ್ಲಿ ತಟ್ಟಿ ನೋಡಿ, ಹಾವು ಇರಬಹುದು.

ಕಾಂಪೌಂಡಿನಲ್ಲಿ ಹಲಸಿನ ಮರದ ಕೆಳಗಿನ ಎಂಟಡಿ ಮಾತ್ರ ಇವತ್ತಿಗೂ ಹಸಿರೇ. ಕೊಂಬೆ ಕಡಿದರೆ ಸರಿಹೋಗುತ್ತದೆ ಅಂತ ನನಗೂ ಗೊತ್ತು, ನನ್ನವರಿಗೂ ಗೊತ್ತು. ಆದರೆ ಆ ಕೊಂಬೆಯಲ್ಲೇ ಹಣ್ಣು ಜಾಸ್ತಿ. ಅದಕ್ಕೇ ಆ ಎಂಟಡಿಗೆ ವರ್ಷಕ್ಕೆ ಎರಡು ಸಲ ತಿಕ್ಕುವ ಕೆಲಸ ಅವರದ್ದು ಅಂತ ಮಾತಾಗಿದೆ.