ಹಳ್ಳದ ನೀರು, ಬಿಸಿಲು ಎರಡೂ ಸೇರಿಸಿ ಎಂಟು ಮನೆಗೆ ಕರೆಂಟ್ ಮಾಡ್ಕೊಳ್ಳೋದು ಹೇಗೆ

ನಮ್ಮ ಮಲೆನಾಡಲ್ಲಿ ಮಳೆಗಾಲದಲ್ಲಿ ಬಿಸಿಲಿರಲ್ಲ ಆದ್ರೆ ಹಳ್ಳ ತುಂಬಿ ಹರಿಯುತ್ತೆ, ಬೇಸಿಗೇಲಿ ಹಳ್ಳ ಸೊರಗುತ್ತೆ ಬಿಸಿಲು ಬೇಕಾದಷ್ಟು, ಹಾಗಾಗಿ ಪುಟ್ಟ ಟರ್ಬೈನು (ನೀರಿನ ರಭಸಕ್ಕೆ ತಿರುಗಿ ಕರೆಂಟ್ ಮಾಡೋ ಯಂತ್ರ) ಸೋಲಾರು ಎರಡೂ ಇದ್ರೆ ಒಂದು ಕೈಕೊಟ್ಟಾಗ ಇನ್ನೊಂದು ನಡೆಸುತ್ತೆ. ಅಂಗಡಿಗೆ ಹೋಗಿ ರೇಟ್ ಕೇಳೋ ಮೊದ್ಲು ಮನೆಮನೆಗೂ ಹೋಗಿ ಯಾರ್ಯಾರು ಏನೇನು ಉರಿಸ್ತಾರೆ ಬರ್ಕೊಳ್ಳಿ. 9 ವ್ಯಾಟಿನ 4 ಬಲ್ಬು 5 ಗಂಟೆ ಉರಿದ್ರೆ 180 ವ್ಯಾಟ್ ಅವರ್ ಆಯ್ತು, ಫ್ಯಾನು ಟಿವಿ ಮಿಕ್ಸಿ ಮೊಬೈಲು ಎಲ್ಲಾ ಸೇರಿ ಮನೆಗೆ ದಿನಕ್ಕೆ 1 ಯೂನಿಟ್ (1000 ವ್ಯಾಟ್ ಅವರ್) ಅಂದ್ರೂ 8 ಮನೆಗೆ 8 ಯೂನಿಟ್.

ಈಗ ಹಳ್ಳ ಅಳೀರಿ. ಅಡ್ಡ ಕಲ್ಲುಮಣ್ಣು ಕಟ್ಟಿ, ಅಡಿಕೆ ಮರದ ದಂಬೆ (ಸೀಳಿ ತಿರುಳು ತೆಗೆದ ದೋಣಿ) ಇಟ್ಟು, ಅದರ ಬಾಯಿಗೆ 20 ಲೀಟರ್ ಬಕೆಟ್ ಹಿಡಿದು ಮೊಬೈಲಲ್ಲಿ ಟೈಮ್ ನೋಡಿ, 4 ಸೆಕೆಂಡಿಗೆ ತುಂಬಿದ್ರೆ ಸೆಕೆಂಡಿಗೆ 5 ಲೀಟರ್. ನೀರು ಬೀಳೋ ಎತ್ತರನ ಗಾರೆಯವರ ಲೆವೆಲ್ ಪೈಪಲ್ಲಿ ಅಳೀರಿ, ಕಣ್ಣಂದಾಜು ಬೇಡವೇ ಬೇಡ. ಲೀಟರ್, ಮೀಟರ್ ಗುಣಿಸಿ ಮತ್ತೆ 5ರಿಂದ ಗುಣಿಸಿದ್ರೆ ಸುಮಾರಾಗಿ ಎಷ್ಟು ವ್ಯಾಟ್ ಅಂತ ಬರುತ್ತೆ, ಅಂದ್ರೆ 5 ಲೀಟರಿಗೆ 20 ಮೀಟರ್ ಎತ್ತರ ಇದ್ರೆ 500 ವ್ಯಾಟ್, ಹಗಲು ರಾತ್ರಿ ತಿರುಗೋದ್ರಿಂದ ದಿನಕ್ಕೆ 12 ಯೂನಿಟ್!

ಬೇಸಿಗೆಗೆ 3 ಕಿಲೋವ್ಯಾಟ್ ಪ್ಯಾನೆಲ್ ಸಾಕು, ಒಳ್ಳೆ ಬಿಸಿಲಿಗೆ ಕಿಲೋವ್ಯಾಟಿಗೆ ಸುಮಾರು 4 ಯೂನಿಟ್ ಸಿಗುತ್ತೆ. ಅಡಿಕೆ ಮರದ ನೆರಳು ಮಾತ್ರ ಬೀಳಬಾರದು, ಒಂದು ಸೋಗೆ ನೆರಳು ಬಿದ್ರೂ ಇಡೀ ಸಾಲಿನ ಕರೆಂಟ್ ಇಳಿಯುತ್ತೆ.

ನಿಜವಾದ ಕಷ್ಟ ಜೂನ್ ಶುರುವಲ್ಲಿ. ಮೋಡ ಕವಿದಿರುತ್ತೆ, ಮೊದಲ ಮಳೆನೆಲ್ಲ ಒಣ ಭೂಮಿನೇ ಕುಡಿಯುತ್ತೆ, ಹಳ್ಳ ಇನ್ನೂ ಏರಿರಲ್ಲ. ಬ್ಯಾಟರಿ ಲೆಕ್ಕ ಹಾಕಬೇಕಾದ್ದು ಈ ದಿನಗಳಿಗೇ. ಆಗ ಬಲ್ಬು ಮೊಬೈಲು ಮಾತ್ರ ಅಂತ ಎಲ್ಲರೂ ಮೊದಲೇ ಕೂತು ಒಪ್ಕೊಂಡ್ರೆ ಎಂಟೂ ಮನೆಗೆ ಸೇರಿ ದಿನಕ್ಕೆ 2 ಯೂನಿಟ್ ಸಾಕು, ಮೂರು ದಿನಕ್ಕೆ 6. ಲೆಡ್ ಆಸಿಡ್ ಬ್ಯಾಟರೀನ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 12 ವೋಲ್ಟ್ 150 ಆಂಪಿಯರ್ ಅವರಿನವು 8 ಹಾಕಿ, ಒಂದೊಂದರಲ್ಲಿ 1.8 ಯೂನಿಟ್ ಅಂದ್ರೆ ಒಟ್ಟು 14.4, ಅದರಲ್ಲಿ ಅರ್ಧ 7.2 ಬಳಸಬಹುದು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಟರ್ಬೈನಿಗೆ ಲೋಡ್ ಇಲ್ಲದೆ ವೋಲ್ಟೇಜ್ ಏರಿ ಬಲ್ಬೆಲ್ಲ ಸುಟ್ಟುಹೋಗುತ್ತೆ, ಅದಕ್ಕೆ ಲೋಡ್ ಕಂಟ್ರೋಲರ್ ಹಾಕಿ ಉಳಿದ ಕರೆಂಟನ್ನ ಬಚ್ಚಲಮನೆ ಹೀಟರಿಗೆ ಬಿಡಿ, ಬೆಳಗ್ಗೆ ಬಿಸಿನೀರು ಪುಕ್ಕಟೆ. ಏಪ್ರಿಲ್ ಮೇ ಗುಡುಗು ಸಿಡಿಲು ಶುರುವಾಗೋ ಮೊದ್ಲೇ ಅರ್ಥಿಂಗ್ ಚೆಕ್ ಮಾಡ್ಸಿ. ಇನ್ನೊಂದು, ನೀರು ಪೈಪಿಗೆ ಹೋಗೋ ಬಾಯಿಗೆ ಜಾಲರಿ ಕಟ್ಟಿ, ಮಳೆಗಾಲದಲ್ಲಿ ತರಗೆಲೆ ಬಂದು ಕೂತು ಒಂದೇ ರಾತ್ರಿಗೆ ಮುಚ್ಚಿಬಿಡುತ್ತೆ, ದಿನಾ ಬೆಳಗ್ಗೆ ಅದನ್ನ ಬಳಿದು ತೆಗೆಯೋಕೆ ಯಾವ ಮನೆಯವರ ಸರದಿ ಅಂತ ಮೊದಲೇ ಬರೆದಿಡಿ.