ನವಸಾಗರ ಮತ್ತು ಅದರ ಬಳಗ: ಅಮೋನಿಯಂ ಲವಣಗಳನ್ನು ಗುರುತಿಸುವುದು, ಬಳಸುವುದು

ಅಮೋನಿಯಂ ಲವಣಗಳಲ್ಲಿ ಹೆಚ್ಚಿನವು ಬಿಳಿ ಪುಡಿ ಅಥವಾ ಹರಳು. ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ಗೊಬ್ಬರಕ್ಕೆ ಸಲ್ಫೇಟ್, ಬಿಸ್ಕತ್ತಿಗೆ ಬೈಕಾರ್ಬನೇಟ್. ಉಪಯೋಗ ಬೇರೆ ಬೇರೆಯಾದರೂ ಒಳಗಿನ ಗುಟ್ಟು ಒಂದೇ. ಅಮೋನಿಯಾ ಅನಿಲಕ್ಕೆ ಹೈಡ್ರೋಜನ್ ಅಯಾನು ಒಂದು ಅಂಟಿಕೊಂಡರೆ ಅದು ಅಮೋನಿಯಂ. ಆ ಹಿಡಿತ ಬಲು ಸಡಿಲ. ಕಾಯಿಸಿದರೂ ಬಿಡುತ್ತದೆ, ಸುಣ್ಣ ತಾಗಿದರೂ ಬಿಡುತ್ತದೆ. ಕೆಲಸ ಕೆಡುವುದೂ ಕೈಗೂಡುವುದೂ ಇದರಿಂದಲೇ.

ಮೊದಲು ಗುರುತಿಸುವ ಬಗೆ. ಅರಿಶಿನವನ್ನು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ತೆಳುವಾಗಿ ಬಳಿದು ಒಣಗಿಸಿಕೊಳ್ಳಿ. ಗಾಜಿನ ಲೋಟದಲ್ಲಿ ಗುರುತಿಸಬೇಕಾದ ಪುಡಿ ಕಾಲು ಚಮಚ, ಅಷ್ಟೇ ಅರಳಿದ ಸುಣ್ಣ, ನಾಲ್ಕು ಹನಿ ನೀರು ಹಾಕಿ ಕಡ್ಡಿಯಿಂದ ಕಲಸಿ. ಅರಿಶಿನದ ಕಾಗದವನ್ನು ಒದ್ದೆ ಮಾಡಿ, ಸುಣ್ಣಕ್ಕೆ ತಾಗದಂತೆ ಲೋಟದ ಬಾಯಿಗೆ ಮುಚ್ಚಿ. ಅಮೋನಿಯಂ ಲವಣವಾಗಿದ್ದರೆ ಸ್ವಲ್ಪ ಹೊತ್ತಿನಲ್ಲೇ ಹಳದಿ ಹೋಗಿ ಕೆಂಗಂದು ಬಣ್ಣ ಮೂಡುತ್ತದೆ. ಕಾಗದವನ್ನು ತೆಗೆದು ಗಾಳಿಗೆ ಹಿಡಿದರೆ ಅಮೋನಿಯಾ ಹಾರಿಹೋಗಿ ಹಳದಿ ಮರಳುತ್ತದೆ. ಕೆಂಪು ಹಾಗೇ ಉಳಿದರೆ ಸುಣ್ಣವೇ ಸಿಡಿದು ತಾಗಿದೆ ಎಂದರ್ಥ. ಇನ್ನೊಮ್ಮೆ ಮಾಡಿ ನೋಡಿ. ಯೂರಿಯಾ ಕೂಡ ಬಿಳಿಯೇ, ಆದರೆ ತಣ್ಣಗಿನ ಸುಣ್ಣಕ್ಕೆ ಕೂಡಲೇ ಘಾಟು ಬಿಡುವುದಿಲ್ಲ. ಲೋಟದೊಳಕ್ಕೆ ಮೂಗು ಇಟ್ಟು ಮೂಸಬೇಡಿ, ಅಂಗೈಯಿಂದ ಗಾಳಿ ಬೀಸಿಕೊಂಡರೆ ಸಾಕು.

ನವಸಾಗರದ ಹಳೆಯ ಕೆಲಸ ಕಲಾಯಿ ಮತ್ತು ಬೆಸುಗೆ. ಸುಮಾರು 338 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗಿ ಒಡೆಯುತ್ತದೆ. ತಾಮ್ರದ ಮೇಲಿನ ಕಪ್ಪು ಆಕ್ಸೈಡನ್ನು ಹೈಡ್ರೋಜನ್ ಕ್ಲೋರೈಡ್ ತಿಂದುಹಾಕುತ್ತದೆ, ಅಮೋನಿಯಾವೂ ಕೈಜೋಡಿಸುತ್ತದೆ. ಮೇಲೇಳುವ ಬಿಳಿ ಹೊಗೆ ನಿಜಕ್ಕೂ ಹೊಗೆಯಲ್ಲ. ಬೇರೆಯಾದ ಎರಡು ಅನಿಲಗಳು ತಣ್ಣಗಾಗುತ್ತ ಮತ್ತೆ ಕೂಡಿ ಆದ ನವಸಾಗರದ ನುಣುಪು ಪುಡಿ. ಉಸಿರಿಗೆ ಅದು ಒಳ್ಳೆಯದಲ್ಲ, ಬಯಲಿನಲ್ಲೇ ಕೆಲಸ ಮಾಡಿ.

ತಾಮ್ರದ ಪಾತ್ರೆಯನ್ನು ಜಿಡ್ಡು ಉಳಿಯದಂತೆ ಉಜ್ಜಿ ತೊಳೆದು, ಒಣಗಿಸಿ, ಕಾಯಿಸಿ. ತವರ ಕರಗುವುದು 232 ಡಿಗ್ರಿಗೆ. ತವರದ ಕಡ್ಡಿ ತಾಗಿಸಿದಲ್ಲೇ ಕರಗಿ ಹರಿದರೆ ಬಿಸಿ ಸಾಕು. ಒಣಗಿದ ನವಸಾಗರದ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತ, ಉದ್ದ ಹಿಡಿಯ ಇಕ್ಕಳದಲ್ಲಿ ಹಿಡಿದ ಹತ್ತಿಯ ಉಂಡೆಯಿಂದ ತವರವನ್ನು ಒರೆಸಿ ಹರಡಿ. ತವರ ಹರಡದೆ ಮಣಿಮಣಿಯಾಗಿ ಉರುಳಿದರೆ ಜಿಡ್ಡೋ ಆಕ್ಸೈಡೋ ಉಳಿದಿದೆ, ಇಲ್ಲವೇ ಬಿಸಿ ಸಾಲದು. ಹಳದಿಗೆ ತಿರುಗಿದರೆ ಬಿಸಿ ಹೆಚ್ಚಾಗಿ ತವರವೇ ಆಕ್ಸೈಡ್ ಆಗುತ್ತಿದೆ. ಪುಡಿ ತೇವವಾಗಿದ್ದರೆ ಚಟಪಟ ಸಿಡಿಯುತ್ತದೆ. ಅಡುಗೆಯ ಪಾತ್ರೆಗೆ ಸೀಸ ಬೆರೆತ ತವರವನ್ನು ಎಂದೂ ಬಳಸಬೇಡಿ. ಕೊನೆಗೆ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಉಳಿದ ಕ್ಲೋರೈಡ್ ತೇವ ಎಳೆದುಕೊಂಡು ತಾಮ್ರಕ್ಕೆ ಹಸಿರು ಕಿಲುಬು ತರುತ್ತದೆ. ಇದೇ ಕಾರಣಕ್ಕೆ ಎಲೆಕ್ಟ್ರಾನಿಕ್ ಬೆಸುಗೆಗೆ ನವಸಾಗರ ಬೇಡವೇ ಬೇಡ. ಸೋಲ್ಡರಿಂಗ್ ಐರನ್ನಿನ ಬರೀ ತಾಮ್ರದ ಮೊನೆಯನ್ನು ನವಸಾಗರದ ಗಟ್ಟಿಗೆ ಉಜ್ಜಿ ಶುಚಿ ಮಾಡಬಹುದು. ಕಬ್ಬಿಣದ ಲೇಪವಿರುವ ಮೊನೆಯಾದರೆ ಲೇಪವೇ ಸವೆದುಹೋಗುತ್ತದೆ.

ಬೈಕಾರ್ಬನೇಟ್ ಇನ್ನೂ ಸಡಿಲ. ಸುಮಾರು 60 ಡಿಗ್ರಿಯ ಹೊತ್ತಿಗೆ ಅಮೋನಿಯಾ, ಇಂಗಾಲದ ಡೈಆಕ್ಸೈಡ್, ನೀರಾವಿಯಾಗಿ ಏನೂ ಉಳಿಯದಂತೆ ಹೋಗುತ್ತದೆ. 5 ಗ್ರಾಂನಿಂದ ನೀರಾವಿ ಬಿಟ್ಟು ಸುಮಾರು 3 ಲೀಟರ್ ಅನಿಲ ಹೊರಡುತ್ತದೆ. ಅಷ್ಟೇ ಅಡುಗೆ ಸೋಡಾವನ್ನು ಬರೀ ಕಾಯಿಸಿದರೆ ಮುಕ್ಕಾಲು ಲೀಟರೂ ಬರುವುದಿಲ್ಲ. 500 ಗ್ರಾಂ ಹಿಟ್ಟಿಗೆ 5 ಗ್ರಾಂ ಸಾಕು. ಆಹಾರದರ್ಜೆಯದನ್ನೇ ತಂದು, ಎರಡು ಮೂರು ಚಮಚ ತಣ್ಣೀರಿನಲ್ಲಿ ಪೂರ್ತಿ ಕರಗಿಸಿಯೇ ಬೆರೆಸಿ. ಕರಗದ ಕಾಳು ಉಳಿದರೆ ಬಿಸ್ಕತ್ತಿನಲ್ಲಿ ತೂತು, ಕಂದು ಕಲೆ. ಅರ್ಧ ಸೆಂಟಿಮೀಟರಿಗಿಂತ ತೆಳುವಾದ, ಗರಿಗರಿಯಾಗಿ ಒಣಗುವ ತಿಂಡಿಗೆ ಮಾತ್ರ ಇದು ತಕ್ಕದ್ದು. ಕೇಕಿನಂಥ ದಪ್ಪ, ಹಸಿಯಾದ ತಿನಿಸಿನಲ್ಲಿ ಅಮೋನಿಯಾ ಒಳಗೇ ಸಿಕ್ಕಿಕೊಂಡು ಬಾಯಿಗಿಡಲಾಗದಂತೆ ಆಗುತ್ತದೆ. ಹಸಿ ಹಿಟ್ಟಿನ ರುಚಿ ನೋಡಬೇಡಿ. ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಪುಡಿ ತಾನಾಗಿಯೇ ಕರಗಿ ಕಾಣೆಯಾಗುತ್ತದೆ.

ಸಲ್ಫೇಟಿನಲ್ಲಿ ಶೇಕಡ 21 ಸಾರಜನಕ, 24 ಗಂಧಕ. ಚದರ ಮೀಟರಿಗೆ 10 ಗ್ರಾಂ ಸಾರಜನಕ ಬೇಕಾದರೆ 48 ಗ್ರಾಂ ಹಾಕಬೇಕು. ಕುಂಡದ ಗಿಡಕ್ಕೆ ಲೀಟರ್ ನೀರಿಗೆ 1 ಗ್ರಾಂ. ಸುಣ್ಣ ಅಥವಾ ಬೂದಿಯ ಜೊತೆ ಬೆರೆಸಿದರೆ ಮೇಲೆ ಹೇಳಿದ ಲೋಟದ ಪರೀಕ್ಷೆಯೇ ಮಣ್ಣಿನಲ್ಲೂ ನಡೆದು, ಕೊಟ್ಟ ಸಾರಜನಕ ಗಾಳಿಗೆ ಹೋಗುತ್ತದೆ. ಸುಣ್ಣ ಹಾಕಿದ ಮಡಿಗೆ ಕೆಲವು ವಾರ ಬಿಟ್ಟು ಕೊಡಿ, ಮಣ್ಣು ಮುಚ್ಚಿ ನೀರು ಹಾಯಿಸಿ. ಮಣ್ಣಿನ ಬ್ಯಾಕ್ಟೀರಿಯಾ ಅಮೋನಿಯಂ ಅನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ; ಹಾಗಾಗಿ ವರ್ಷಾನುಗಟ್ಟಲೆ ಇದನ್ನೇ ಹಾಕಿದರೆ ಮಣ್ಣು ಹುಳಿಯಾಗುತ್ತದೆ.

ನೈಟ್ರೇಟನ್ನು ಮನೆಯಲ್ಲಿ ಇಡಬೇಡಿ. ಬೈರೂತ್ ಬಂದರಿನಲ್ಲಿ 2020ರ ಆಗಸ್ಟ್ 4ರಂದು ಸ್ಫೋಟಿಸಿದ್ದು ದಾಸ್ತಾನಿದ್ದ ಸುಮಾರು 2,750 ಟನ್ ಅಮೋನಿಯಂ ನೈಟ್ರೇಟೇ. ಯಾವ ಅಮೋನಿಯಂ ಲವಣವನ್ನೂ ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರಾವಣದ ಹತ್ತಿರ ತರಬೇಡಿ. ಹುಟ್ಟುವ ಕ್ಲೋರಮೀನ್ ಶ್ವಾಸಕೋಶವನ್ನೇ ಸುಡುತ್ತದೆ.

ತಣ್ಣಗೆ ಮಾಡಲು ನವಸಾಗರವೇ ಸಾಕು. 100 ಮಿಲಿಲೀಟರ್ ನೀರಿಗೆ 30 ಗ್ರಾಂ ಪುಡಿ ಒಮ್ಮೆಲೇ ಹಾಕಿ ಕಲಕಿದರೆ ಕರಗುವಾಗ ನೀರಿನ ಶಾಖವನ್ನೇ ಹೀರಿಕೊಂಡು ಸುಮಾರು 15 ಡಿಗ್ರಿ ಇಳಿಸುತ್ತದೆ, ಲೋಟದ ಹೊರಮೈ ಬೆವರುತ್ತದೆ. ನೀರನ್ನು ಚೆಲ್ಲಬೇಡಿ. ಲೋಹದ ತಟ್ಟೆಗಲ್ಲ, ಗಾಜಿನ ತಟ್ಟೆಗೆ ಸುರಿದು ಗಾಳಿಗೆ ಇಟ್ಟರೆ ಅಂಚಿನಿಂದ ಒಳಕ್ಕೆ ಹಕ್ಕಿಯ ಗರಿಯಂತೆ ಕವಲೊಡೆಯುತ್ತ ಹರಳು ಕಟ್ಟುತ್ತದೆ. ಕೆರೆದು ಒಣಗಿಸಿ ಪುಡಿಮಾಡಿಟ್ಟರೆ ಮತ್ತೆ ಅದೇ ಕೆಲಸಕ್ಕೆ ಬರುತ್ತದೆ.