ಎರಡು ಐವಿ ಸತ್ತ ಮೇಲೆ ಮೂರನೆಯದು

ಐವಿ ಬೆಳೆಸುತ್ತಿದ್ದೇನೆ ಅಂದಾಗ ಪಕ್ಕದ ಫ್ಲ್ಯಾಟಿನವರು ಫೋನಿನಲ್ಲಿ ಹುಡುಕಿ, "ಓ, ತೊಂಡೆ ಬಳ್ಳಿಯಾ! ಕಾಯಿ ಬಿಟ್ಟರೆ ನಮಗೂ ಕೊಡಿ ಆಯ್ತಾ" ಅಂದರು. ತೊಂಡೆಗೆ ಇಂಗ್ಲಿಷಿನಲ್ಲಿ ಐವಿ ಗೋರ್ಡ್ ಅನ್ನುತ್ತಾರೆ, ತಪ್ಪು ಅವರದ್ದಲ್ಲ. ನನ್ನದು ಹೆಡೆರಾ ಹೆಲಿಕ್ಸ್, ಯುರೋಪಿನ ಕಡೆಯ ಬಳ್ಳಿ. ಅದಕ್ಕೆ ಹಿತವಾದ ಹವೆ ಸುಮಾರು 10ರಿಂದ 21 ಡಿಗ್ರಿ. ಮಂಗಳೂರಿನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಬಿಟ್ಟರೆ ಆ ಲೆಕ್ಕದ ಹತ್ತಿರವೂ ಹೋಗುವುದಿಲ್ಲ. ಇದನ್ನು ನಾನು ಓದಿದ್ದು ಎರಡು ಗಿಡ ಕೊಂದ ಮೇಲೆ.

ಮೊದಲನೆಯದನ್ನು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ತಂದಿದ್ದೆ. ಜೂನ್ ತಿಂಗಳು. ಕೆಂಪುಮಣ್ಣು ತುಂಬಿದ ಪ್ಲಾಸ್ಟಿಕ್ ಚಟ್ಟಿಗೆ ಹಾಕಿ ಬಾಲ್ಕನಿಯಲ್ಲಿ ಇಟ್ಟೆ. ಮಳೆಯ ಎರಚಲು ದಿನವಿಡೀ. ಎಲೆ ಬಾಡಿತು, ಬಾಯಾರಿಕೆಯೆಂದು ತಿಳಿದು ನಾನೂ ಮೇಲಿಂದ ನೀರು ಹೊಯ್ದೆ. ಕೊನೆಗೆ ಕಿತ್ತು ನೋಡಿದರೆ ಬೇರಿನ ಸಿಪ್ಪೆ ಬೆರಳಿಗೆ ಜಾರಿ ಬಂತು, ಒಳಗೆ ದಾರದಂಥ ಎಳೆ ಮಾತ್ರ.

ಎರಡನೆಯದಕ್ಕೆ ತಂಪು ಬೇಕಲ್ಲ ಎಂದು ಏಸಿ ಇರುವ ಕೋಣೆ ಕೊಟ್ಟೆ. ಎರಡು ತಿಂಗಳು ಚೆನ್ನಾಗಿತ್ತು. ಮಾರ್ಚಿನಲ್ಲಿ ಎಲೆಗಳ ಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕಿ. ಪುತ್ತೂರಿನಿಂದ ಬಂದಿದ್ದ ಅಮ್ಮ ಒಂದು ಎಲೆ ತಿರುಗಿಸಿ ನೋಡಿ, "ನುಸಿ ಮಾರಾಯ್ತಿ ಇದು" ಅಂದರು. ತೆಂಗಿನ ನುಸಿ ಕಂಡವರ ಕಣ್ಣು. ಇದು ಬೇರೆ ಜಾತಿ, ಜೇಡನುಸಿ. ಒಣ ಗಾಳಿಯಲ್ಲಿ ಹೆಚ್ಚುತ್ತದೆ. ಏಸಿ ಕೋಣೆಯ ಗಾಳಿ ತಂಪೂ ಹೌದು, ಒಣಕಲೂ ಹೌದು. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿದೆ. ಉದುರಿದ ಧೂಳಿನಲ್ಲಿ ಕೆಲವು ಕಣ ನಡೆಯತೊಡಗಿದವು. ತೊಟ್ಟಿನ ಸಂದಿಯಲ್ಲಿ ಆಗಲೇ ಬಲೆ ಕಟ್ಟಿತ್ತು, ತಡವಾಗಿತ್ತು.

ಮೂರನೆಯದು ಈಗ ನಾಲ್ಕು ವರ್ಷದಿಂದ ಇದೆ. ಮಣ್ಣಿನ ಚಟ್ಟಿ. ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿ ಎರಡು ಪಾಲು, ಎರೆಗೊಬ್ಬರ ಒಂದು ಪಾಲು, ಹಂಚಿನ ಚೂರು ಒಂದು ಪಾಲು. ಹಳೆ ಮನೆ ಕೆಡಹುವಲ್ಲೆಲ್ಲ ಮಂಗಳೂರು ಹಂಚು ರಾಶಿ ಬಿದ್ದಿರುತ್ತದೆ. ಕಡಲೆ ಗಾತ್ರಕ್ಕೆ ಕುಟ್ಟಿ, ಧೂಳು ಜಾಲಿಸಿ ಹಾಕುತ್ತೇನೆ. ದುಡ್ಡು ಕೊಟ್ಟು ತಂದ ಪರ್ಲೈಟಿಗಿಂತ (ನೀರು ಬಸಿಯಲೆಂದು ಬೆರೆಸುವ ಹಗುರ ಬಿಳಿ ಹರಳು) ನನಗೆ ಇದೇ ಸರಿ ಕಂಡಿದೆ, ಚಟ್ಟಿಗೆ ತೂಕವೂ ಬರುತ್ತದೆ. ಜಾಗ ಪೂರ್ವದ ಕಿಟಕಿ. ಒಂಬತ್ತು ಗಂಟೆಯವರೆಗಿನ ಬಿಸಿಲು ಸಾಕು, ಪಡುವಣದ ಬಿಸಿಲು ತಾಗಲೇಬಾರದು. ಬೆರಳು ಎರಡು ಗೆಣ್ಣಿನಷ್ಟು ಒಳಗಿಳಿಸಿ, ಪಸೆ ಇಲ್ಲದಿದ್ದರೆ ಮಾತ್ರ ನೀರು.

ಮಾರ್ಚಿನಿಂದ ಮೇವರೆಗೆ ವಾರಕ್ಕೊಮ್ಮೆ ಬಚ್ಚಲಿಗೆ ಒಯ್ದು ಎಲೆಯ ಅಡಿಭಾಗಕ್ಕೆ ನೀರು ರಾಚುತ್ತೇನೆ. ನುಸಿ ಕಂಡರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸಾಬೂನು ನೀರು ಸೇರಿಸಿ ಸಂಜೆ ಸಿಂಪಡಣೆ. ಮಳೆ ಹಿಡಿದ ಮೇಲೆ ಪೂರ್ತಿ ಉಲ್ಟಾ. ಎಲೆಗೆ ಹನಿ ನೀರೂ ಬೇಡ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ಬಟ್ಟೆಯೇ ಮೂರು ದಿನ ಒಣಗದ ಮನೆಯಲ್ಲಿ ಎಲೆ ಒಣಗುತ್ತದೆಯೇ? ಹಳದಿ ಅಂಚಿನ ಕಂದು ಚುಕ್ಕಿ ಬರುತ್ತದೆ, ಬ್ಯಾಕ್ಟೀರಿಯಾದ ರೋಗ. ಅಂಥ ಎಲೆ ಕತ್ತರಿಸಿ ಎಸೆದು, ಕತ್ತರಿಯನ್ನು ಸ್ಪಿರಿಟಿನಲ್ಲಿ ಒರೆಸುತ್ತೇನೆ. ಸಣ್ಣ ಫ್ಯಾನೊಂದು ಅದರ ಕಡೆ ತಿರುಗಿರುತ್ತದೆ. ಮನೆಯವರು ನಗುತ್ತಾರೆ, ನಗಲಿ.

ಏರಿಸುವ ಪಾಠ ಅಮ್ಮನದ್ದು. ನಾನು ಮೊದಲು ಗೋಡೆಗೇ ಬಿಟ್ಟಿದ್ದೆ. ಆರು ತಿಂಗಳ ನಂತರ ಸರಿಸಲು ಎಳೆದಾಗ ಪೇಂಟಿನ ಹಕ್ಕಳೆ ಎದ್ದು ಬಂತು, ಉಳಿದಲ್ಲಿ ಶತಪದಿ ನಡೆದ ಹಾಗೆ ಕಂದು ಗುರುತು. ಅದು ಇವತ್ತಿಗೂ ಹೋಗಿಲ್ಲ. ಈಗ ಪಿವಿಸಿ ಪೈಪಿಗೆ ಕತ್ತದ ಹಗ್ಗ ಒತ್ತಾಗಿ ಸುತ್ತಿ ಚಟ್ಟಿಯಲ್ಲಿ ನಿಲ್ಲಿಸಿದ್ದೇನೆ. "ಕಾಳುಮೆಣಸನ್ನು ಅಡಿಕೆಮರಕ್ಕೆ ಹತ್ತಿಸುವ ಹಾಗೆಯೇ. ಎಳೆ ತುದಿ ಮಾತ್ರ ಹಿಡಿಯುವುದು, ಬಲಿತ ಬಳ್ಳಿ ಹಿಡಿಯುವುದಿಲ್ಲ" ಎನ್ನುತ್ತಾ ಅಮ್ಮ ಮಲ್ಲಿಗೆಯ ಅಟ್ಟೆಯಿಂದ (ಹೂವಿನ ಕಟ್ಟಿನಿಂದ) ಬಿಚ್ಚಿದ ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟಿದರು. ಐವಿಯೂ ಹಾಗೇ: ಒಮ್ಮೆ ಕಿತ್ತುಬಂದ ಭಾಗ ಮತ್ತೆ ಅಂಟುವುದಿಲ್ಲ, ಹೊಸ ಚಿಗುರಿಗಷ್ಟೇ ಅಂಟುಬೇರು. ನಾರು ಕೊಳೆತು ಬೀಳುವಷ್ಟರಲ್ಲಿ ಬಳ್ಳಿ ತಾನೇ ಹಿಡಿದಿರುತ್ತದೆ.

ಗೊಬ್ಬರದ ಬಗ್ಗೆ ಹೇಳಲು ಹೆಚ್ಚಿಲ್ಲ. ಅಕ್ಟೋಬರಿನಲ್ಲೊಮ್ಮೆ, ಜನವರಿಯಲ್ಲೊಮ್ಮೆ ಒಂದು ಮುಷ್ಟಿ ಎರೆಗೊಬ್ಬರ. ಬೇಸಗೆಯಲ್ಲಿ ಏನೂ ಇಲ್ಲ. ಗಾಳಿ ಶುದ್ಧ ಮಾಡುತ್ತದಂತಲ್ಲ ಎಂದು ಬಂದವರೆಲ್ಲ ಕೇಳುತ್ತಾರೆ. 1989ರ ನಾಸಾ ಪ್ರಯೋಗದಲ್ಲಿ ಐವಿ ಇದ್ದದ್ದು ನಿಜ, ಆದರೆ ಅದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಯೊಳಗೆ. ಕಿಟಕಿ ತೆರೆದಿಟ್ಟ ಮನೆಗೆ ಆ ಲೆಕ್ಕ ಹಿಡಿಯಬೇಡಿ. ಸೊನೆ ಮಾತ್ರ ಜಾಗ್ರತೆ. ಗ್ಲೌಸ್ ಇಲ್ಲದೆ ಕತ್ತರಿಸಿದ ದಿನ ನನ್ನ ಮಣಿಕಟ್ಟಿನಲ್ಲಿ ಗೇರುಸೊನೆ ತಾಗಿದಂತೆ ಕೆಂಪು ಗುಳ್ಳೆ ಎದ್ದಿತ್ತು. ಎಲೆ, ಕಾಯಿ ಎರಡೂ ವಿಷ. ಬೆಕ್ಕು, ಮಕ್ಕಳಿರುವ ಮನೆಯಲ್ಲಿ ಎತ್ತರದಲ್ಲಿಡಿ.

ಪ್ರತಿ ಸೆಪ್ಟೆಂಬರಿನಲ್ಲಿ ಗೇಣುದ್ದದ ನಾಲ್ಕೈದು ತುಂಡು ಕತ್ತರಿಸಿ, ಕೆಳಗಿನ ಗೆಣ್ಣಿನ ಎಲೆ ತೆಗೆದು, ಉಪ್ಪಿನಕಾಯಿ ಬಾಟಲಿಯ ನೀರಿಗೆ ಹಾಕಿ ಅಡುಗೆಮನೆಯ ಕಿಟಕಿಯಲ್ಲಿ ಇಡುತ್ತೇನೆ. ಎರಡು ಮೂರು ವಾರದಲ್ಲಿ ಬೇರು. ದೊಡ್ಡ ಗಿಡ ಬೇಸಗೆ ದಾಟುತ್ತದೆಂಬ ಭರವಸೆ ನನಗೆ ಇನ್ನೂ ಬಂದಿಲ್ಲ. ಈ ಏಪ್ರಿಲಿನಲ್ಲಿ ಕಂಬದ ಒಂದು ಮಗ್ಗುಲು ಪೂರ್ತಿ ಒಣಗಿತು. ಆ ಖಾಲಿ ಮಗ್ಗುಲಿನ ಬುಡಕ್ಕೆ ಬಾಟಲಿಯ ಎರಡು ತುಂಡು ನೆಟ್ಟೆ. ಒಂದು ಹಿಡಿದಿದೆ.